ಇಲಿ, ಹುಲಿ ಮತ್ತು ಕಡಬದ ಬಸ್ಸು

ಬೋಜಪ್ಪ ಮಾಸ್ತರ ಮನೆಯ ಬಗ್ಗೆ ಪುತ್ತೂರಿನ ಆ ಓಣಿಯವರು ಹೇಳುತ್ತಿದ್ದುದು ಒಂದೇ ಮಾತು: "ಅಲ್ಲಿ ಸಂಬಳದ ಮಾಸ್ತರು ಒಬ್ಬರು, ಸಂಬಳ ಇಲ್ಲದ ಇನ್‌ಸ್ಪೆಕ್ಟರು ಒಬ್ಬರು."

ಇನ್‌ಸ್ಪೆಕ್ಟರೆಂದರೆ ಮಾಸ್ತರ ಅತ್ತೆ ತಿಮ್ಮಕ್ಕ. ಮಳೆಗಾಲಕ್ಕೆ ಮೊದಲು ಕಡಬದ ಹತ್ತಿರದ ಕೋಡಿಂಬಾಳದಿಂದ ಆಕೆಯನ್ನು ತಂದು ಬಿಟ್ಟುಹೋದ ಮಗ ದೀಪಾವಳಿ ಕಳೆದರೂ ತಿರುಗಿ ಬಂದಿರಲಿಲ್ಲ. (ಅವನೂ ಬುದ್ಧಿವಂತನೇ.) ಮಾಸ್ತರ ಆರಾಮ ಕುರ್ಚಿ ಈಗ ಆಕೆಯ ಸಿಂಹಾಸನ. ಅಳಿಯ ತಲೆಗೆ ಹಾಕುವ ಎಣ್ಣೆ ಹೆಚ್ಚು, ಮೈಗೆ ಹೊಯ್ಯುವ ನೀರು ಕಡಿಮೆ, ಆದಿತ್ಯವಾರದ ನಿದ್ರೆಯಂತೂ ಶುದ್ಧ ಅಧರ್ಮ ಎಂದು ಅಲ್ಲಿಂದಲೇ ದಿನವೂ ತಪಾಸಣಾ ವರದಿ ಹೊರಡುತ್ತಿತ್ತು.

ಕಳಿಸುವುದಾದರೂ ಹೇಗೆ? ಹಿಂದೊಮ್ಮೆ ಒಬ್ಬಳೇ ಹೊರಟು, ಕಡಬದ ಬದಲು ಸುಳ್ಯದಲ್ಲಿ ಇಳಿದು, ಅಲ್ಲಿಯ ಬಸ್ಸಿನವರಿಗೆಲ್ಲ ಬೈದು ಬಂದವಳು ಆಕೆ. ಬೋರ್ಡು ಓದಲು ಅಕ್ಷರ ಬಾರದು. ಬಿಟ್ಟುಬರಲು ಮಾಸ್ತರಿಗೆ ರಜೆ ಇಲ್ಲ.

ಮಾಸ್ತರು ಆಗ ಒಂದನೇ ತರಗತಿಗೆಂದು ಪ್ರಾಸದ ಚಿತ್ರಪುಸ್ತಕ ಮಾಡುತ್ತಿದ್ದರು. ಹಳೆಯ ಕ್ಯಾಲೆಂಡರಿನ ಬೆನ್ನು, ಅರಸಿನದ ಹಳದಿ, ಬಟ್ಟೆಗೆ ಹಾಕುವ ನೀಲಿ. ಪುಟಕ್ಕೊಂದು ಪದಗಳ ಸಂಸಾರ: ಕಲ್ಲು, ಹಲ್ಲು, ಹುಲ್ಲು ಒಂದು ಮನೆ, ಇಲಿ, ಹುಲಿ ಇನ್ನೊಂದು. ಮೊದಲ ಪ್ರಯೋಗ ಮಗಳು ಸೀತುವಿನ ಮೇಲೆ.

"ಇಲಿ ಕೆಮ್ಮಿತು, ಹುಲಿ ಹೆದರಿತು," ಎಂದು ಸೀತು ರಾಗ ತೆಗೆದಳು.

ಕುರ್ಚಿ ಕಿರ್ರೆಂದಿತು. "ಇಲಿಗೆ ಹುಲಿ ಯಾಕೆ ಹೆದರುದು?"

"ಪ್ರಾಸಕ್ಕೆ, ಅತ್ತೆ."

"ಪ್ರಾಸಕ್ಕೆ ಅಂತ ಹುಲಿಯ ಮರ್ಯಾದೆ ತೆಗಿಯುದಾ ಮಾರಾಯ್ರೆ? ಮತ್ತೆ ಅದು ಹುಲಿಯಾ? ಮೀಸೆ ಬಂದ ಹಲಸಿನಕಾಯಿ ಅಲ್ವಾ?"

ಅಡುಗೆಮನೆಯಲ್ಲಿ ಹೆಂಡತಿ ಕುಮುದಿನಿ ನಕ್ಕಳು. ಮಾಸ್ತರು ನಗಲಿಲ್ಲ. ಅತ್ತೆ ಚಿತ್ರ ನೋಡಲು ಕುರ್ಚಿ ಬಿಟ್ಟು ಕೆಳಗೆ ಕೂತದ್ದನ್ನು ಅವರು ಅಂದೇ ಮೊದಲು ನೋಡಿದ್ದು! ಮಿಂಚು ಹೊಡೆದಂತೆ ಉಪಾಯ ಹೊಳೆಯಿತು: ಓದಲು ಕಲಿತ ಅತ್ತೆ ಎಂದರೆ ಬೋರ್ಡು ನೋಡಿ ಒಬ್ಬಳೇ ಬಸ್ಸು ಹತ್ತುವ ಅತ್ತೆ!

ಮರುದಿನದಿಂದ ವಿದ್ಯಾರ್ಥಿನಿಯರು ಇಬ್ಬರು. ಅಜ್ಜಿಕಥೆ, ತುಳುವಿನ ಪಾಡ್ದನದ ಹಾಡುಗಳನ್ನು ಕಿವಿಯಿಂದಲೇ ಹೀರಿ ಬೆಳೆದ ತಿಮ್ಮಕ್ಕ ಒಂದೇ ಸಂಜೆಗೆ ಪುಸ್ತಕವಿಡೀ ಒಪ್ಪಿಸಿದಳು, ಅದೂ ಗೋಡೆಯ ಹಲ್ಲಿಯನ್ನು ನೋಡುತ್ತ. ಮಾಸ್ತರು ಚಿತ್ರವನ್ನು ಅಂಗೈಯಿಂದ ಮುಚ್ಚಿ, "ಈಗ ಓದಿ," ಎಂದರು. ತಿಮ್ಮಕ್ಕ ಅಕ್ಷರದ ಮೇಲೆ ಬೆರಳಿಟ್ಟು, ಬಾವಿಗೆ ಇಣುಕುವವಳಂತೆ ಬಗ್ಗಿದಳು.

"ಬಾಲ ಕಲ್ಲಿನದ್ದೇ. ತಲೆ ಬೇರೆ. ಹ... ಹಲ್ಲು! ಇವೆಲ್ಲ ಅಣ್ಣತಮ್ಮಂದಿರಾ? ಹಾಗಾದ್ರೆ ಒಬ್ಬನ ಗುರ್ತ ಸಿಕ್ಕಿದ್ರೆ ಮನೆಯವ್ರೆಲ್ಲ ಸಿಕ್ಕಿದ ಹಾಗೆ!"

"ಅಜ್ಜೀ, ಈಗ ನನ್ನ ಸರ್ತಿ," ಎಂದು ಸೀತು ಪುಸ್ತಕ ಎಳೆದಳು. ಅಜ್ಜಿ ಬಿಡಲಿಲ್ಲ. ಉಪ್ಪಿನ ಕಾಗದ, ಸಾಬೂನಿನ ಹೊದಿಕೆ, ಕಂಡದ್ದಕ್ಕೆಲ್ಲ "ಇದು ಎಂತ?" ಎಂಬ ಪ್ರಶ್ನೆ. ಮಾಸ್ತರು ಉತ್ಸಾಹದಲ್ಲಿ ಊರು, ನೂರು, ಚೂರು ಎಂಬ ಪುಟವನ್ನೂ ಸೇರಿಸಿದರು. ಕೊನೆಗೆ, ಯಾವ ಪ್ರಾಸಕ್ಕೂ ಸಿಕ್ಕದ 'ಕಡಬ'ಕ್ಕೆ ಒಂದು ಬಸ್ಸನ್ನೇ ಬರೆದರು.

ಮಹಾನಿರ್ಗಮನದ ದಿನ ತಿಮ್ಮಕ್ಕ ಬೋರ್ಡಿನ ಮುಂದೆ ನಿಂತು "ಕ, ಡ, ಬ" ಎಂದು ಊರಿಗೇ ಕೇಳುವಂತೆ ಓದಿ ಹತ್ತಿದಳು. ಮಾಸ್ತರು ಮನೆಗೆ ಬಂದು ಕುರ್ಚಿಯಲ್ಲಿ ಕಾಲು ಚಾಚಿದರು.

ಶನಿವಾರ ಕಣ್ಣು ತೆರೆದರೆ ಎದುರಿಗೆ ಅತ್ತೆ.

"ಯಾರು ಕರ್ಕೊಂಡು ಬಂದ್ರು?"

"ಯಾರಿಗೆ ಬಿಡುವುಂಟು? 'ಪುತ್ತೂರು' ಅಂತ ಬರ್ದಿತ್ತು. ನಿಮ್ಮ ಊರು, ನೂರು, ಚೂರಿನ ಮನೆಯವನೇ ಅಲ್ವಾ? ಹತ್ತಿದೆ. ಸ್ವಲ್ಪ ಏಳಿ."

ಮಾಸ್ತರು ಎದ್ದರು. ಮುಂದಿನ ಶನಿವಾರವೂ ಎದ್ದರು, ಅದರ ಮುಂದಿನದಕ್ಕೂ.

"ನಿಮ್ಮ ವಿದ್ಯೆ ಫಲಿಸಿತು," ಎಂದಳು ಕುಮುದಿನಿ.

ಒಂದು ಸೋಮವಾರ ಬೆಳಿಗ್ಗೆ ತಿಮ್ಮಕ್ಕ ಚೀಲ ಹಿಡಿದು, "ಇದೊಂದು ಸಲ ಹೋಗುದು. ಮತ್ತೆ ಈ ಹೋಗುದು ಬರುದು ಇಲ್ಲ," ಎಂದಳು.

"ಹೌದಾ ಅತ್ತೆ?" ಮಾಸ್ತರ ಮುಖ ಅರಳಿತು.

"ಕೋಡಿಂಬಾಳದಲ್ಲಿ ಓದ್ಲಿಕ್ಕೆ ಎಂತ ಉಂಟು? ಎರಡು ಗೋಣಿ, ಒಂದು ಬೆಂಕಿಪೆಟ್ಟಿಗೆ. ಇಲ್ಲಿ ಪೇಟೆ ತುಂಬ ಬೋರ್ಡು. ನನ್ನ ಬಟ್ಟೆಯ ಪೆಟ್ಟಿಗೆ ತಂದುಬಿಡ್ತೇನೆ."

ಮಾಸ್ತರಿಗೆ ಸುಳ್ಯದ ಬಸ್ಸು ನೆನಪಾಯಿತು; ಕೊನೆಯ ಆಸೆಯಿಂದ ಕೊಡೆ ಹಿಡಿದು ಎದ್ದರು. "ಬಸ್ಸು ನಾನೇ ತೋರಿಸ್ತೇನೆ, ಅತ್ತೆ."

"ಬೇಡ, ಕೂತ್ಕೊಳ್ಳಿ. ನಂಗೆ ಓದ್ಲಿಕ್ಕೆ ಬರ್ತದೆ," ಎಂದು ತಿಮ್ಮಕ್ಕ ಆ ಮನೆಯಿಂದ ಕೊನೆಯ ಸಲ ಹೊರಟಳು.