ಹುಳಿಯಾಗಕೂಡದ ಮಜ್ಜಿಗೆ

ಬೆಳಗ್ಗೆ ಎದ್ದು ಅಂಗಳ ಸಾರಿಸಿದೆ, ನಲ್ಲಿಯ ನೀರು ತಂದು ತುಂಬಿದೆ, ರಾಗಿ ಕೇರಿ ಬಿಸಿಲಿಗಿಟ್ಟೆ, ನಮ್ಮನೆಯವರ ಎದೆಗೆ ಎಣ್ಣೆ ತಿಕ್ಕಿ ಬಿಸಿನೀರಿನ ಬಟ್ಟೆ ಒತ್ತಿದೆ, ಮೊಸರು ಕಡೆದು ಮಜ್ಜಿಗೆಯನ್ನೆಲ್ಲ ಅಕ್ಕಪಕ್ಕದ ಮನೆಗಳಿಗೆ ಹಂಚಿ ಬಂದೆ. ಈ ಕೊನೆಯದನ್ನು ದಾನಧರ್ಮ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಮಜ್ಜಿಗೆ ಹುಳಿಯಾಗಕೂಡದು. ಹುಳಿಯಾದರೆ ನಮ್ಮನೆಯವರು ಕುಸ್ತಿ ಆಡಬೇಕಾಗುತ್ತದೆ.

ಅವರು ಆಂಡರ್ಸನ್‌ಪೇಟೆಯ ಗರಡಿಗೆ ವಸ್ತಾದರು, ಕುಸ್ತಿ ಕಲಿಸುವ ಗುರುಗಳು. ಹಳೇ ವಸ್ತಾದರು ತೀರಿಕೊಂಡಾಗ ರುಮಾಲು ಯಾರ ತಲೆಗೆ ಸುತ್ತುವುದು ಅಂತ ಮಾತು ಬಂತಂತೆ. ಸಾಮು ಕಲಿಯಲು ಎಲ್ಲರಿಗಿಂತ ಮೊದಲು ಬಂದವರು ಯಾರು ಅಂತ ನೋಡಿದರೇ ಹೊರತು ಗೆದ್ದವರು ಯಾರು ಅಂತ ನೋಡಲಿಲ್ಲ. ಹೀಗೆ ನಾನು ವಸ್ತಾದರ ಹೆಂಡತಿಯಾದೆ. ಅಂದಿನಿಂದ ನಲ್ಲಿಯಲ್ಲಿ ಮೊದಲ ಬಿಂದಿಗೆ ನನ್ನದು. ಶೆಟ್ಟರ ಅಂಗಡಿಯ ತಕ್ಕಡಿ ಕೂಡ ನನ್ನನ್ನು ಕಂಡರೆ ನೆಟ್ಟಗೆ ನಿಲ್ಲುತ್ತದೆ. ಆದರೆ ಚಿನ್ನದ ಗಣಿಯೊಳಗೆ ಇಳಿದೂ ಇಳಿದೂ ಅವರ ಎದೆಯಲ್ಲಿ ದೂಳು ಕೂತಿದೆ. ರಸ್ತೆಯ ಏರು ಬಂದರೆ ನಿಂತುಕೊಂಡು ಗೋಡೆಗೆ ಅಂಟಿಸಿದ ನಾಟಕದ ಕಾಗದ ಓದುತ್ತಾರೆ. ನಮ್ಮನೆಯವರಿಗೆ ಓದು ಬಾರದು. ಹೆಂಡದಂಗಡಿ ಮುಂದೆ ಜಗಳವಾದರೆ ಅವರನ್ನೇ ಕರೆಯುತ್ತಾರೆ. ಇವರು ಮೆಲ್ಲಗೆ ನಡೆದು ಹೋಗುವಷ್ಟರಲ್ಲಿ ಅರ್ಧ ಜಗಳ ಆರಿರುತ್ತದೆ; ಮಿಕ್ಕರ್ಧ, ಇವರು ಬಾಯಿ ಬಿಡದೆ ನಿಂತಿರುವುದನ್ನು ನೋಡಿ ಆರುತ್ತದೆ. ಗಾಂಭೀರ್ಯ ಅನ್ನುತ್ತಾರೆ ಜನ. ಮಾತಾಡಲು ಉಸಿರಿಲ್ಲ ಅಂತ ನನಗೊಬ್ಬಳಿಗೆ ಗೊತ್ತು.

ಹೀಗಿರುವಾಗ ಬಂಗಾರಪೇಟೆಯ ಮುನಿಸ್ವಾಮಿಗೆ ಕುಸ್ತಿಯಲ್ಲಿ ಬೆಳ್ಳಿ ಕಡಗ ಬಂತು. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಆಳು, ಬಾಗಿಲಷ್ಟು ಅಗಲ. ವಸ್ತಾದರ ಜೊತೆ ಒಂದು ಕೈ ಆಡಬೇಕು ಅಂತ ಗರಡಿಗೆ ಬಂದ. ಅಖಾಡಕ್ಕೆ ಇಳಿದರೆ ಇವರ ಉಸಿರು ಹೋಗುತ್ತದೆ. ಇಳಿಯದಿದ್ದರೆ ರುಮಾಲು ಹೋಗುತ್ತದೆ. ರುಮಾಲಿಲ್ಲದ ದಿನ ಇವರು ಹಾಸಿಗೆಯಿಂದ ಏಳುವುದಿಲ್ಲ ಅಂತ ನನ್ನ ಹೆದರಿಕೆ. ಇವರು ಸಾವಧಾನವಾಗಿ, ಮಟ್ಟಿಯ ಮಣ್ಣು ಹದವಾಗಿಲ್ಲಪ್ಪ, ಹುಳಿಮಜ್ಜಿಗೆ ಬೀಳಬೇಕು ಅಂದರಂತೆ. ಗರಡಿಯ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನದ ಜೊತೆ ಹುಳಿಮಜ್ಜಿಗೆ ಕಲಸುವುದು ಸಂಪ್ರದಾಯ. ಮಜ್ಜಿಗೆ ವಸ್ತಾದರ ಮನೆಯಿಂದಲೇ ಹೋಗಬೇಕು. ಮುನಿಸ್ವಾಮಿ ಭಾನುವಾರ ಭಾನುವಾರ ರೈಲಿನಲ್ಲಿ ಬಂದು ಕೇಳಿ ಹೋದ. ಸುಡುವ ಬೇಸಿಗೆ. "ಏನಕ್ಕಾ, ಊರಾಗೆಲ್ಲ ಆಲು ಒಡೀತಾ ಐತೆ, ನಿಮ್ಮನೆ ಮಜ್ಜಿಗೆಗೆ ಮಾತ್ರ ಉಳೀನೇ ಬರಾಕಿಲ್ವಾ?" ಅಂತ ನಲ್ಲಿಯಲ್ಲಿ ಹೆಂಗಸರು ಕೇಳಿದರು. ಕುಸ್ತಿ ತಪ್ಪಿಸಿಕೊಂಡವರು ಇವರು, ಕೈಗುಣ ಕೆಟ್ಟವಳು ನಾನು.

ಇವತ್ತು ಮುನಿಸ್ವಾಮಿ ನೇರ ಮನೆಗೇ ಬಂದ. ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಡಕೆ. ಅವರಮ್ಮ ದಿನಗಟ್ಟಲೆ ಇಟ್ಟು ಹುಳಿ ಮಾಡಿ ಕೊಟ್ಟ ಮಜ್ಜಿಗೆಯಂತೆ. ನಮ್ಮನೆಯವರು ಬರಿಮೈಯಲ್ಲಿ ಗೋಡೆಗೊರಗಿ ಕೂತಿದ್ದರು. ರುಮಾಲಿಗೆ ಕೈ ಹಾಕಿದರು, ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಅವನು ಬಾಗಿಲಲ್ಲೇ ನಿಂತಿದ್ದ. ಅವರು ಉಗಿಯಲು ಬೂದಿ ಹಾಕಿಟ್ಟಿದ್ದ ತೆಂಗಿನ ಚಿಪ್ಪನ್ನೇ ನೋಡುತ್ತಿದ್ದ. ನಾನು ಬೇರೆ ದಾರಿ ಕಾಣದೆ ಮಡಕೆಯಿಂದ ಒಂದು ಗುಟುಕು ಕುಡಿದು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಇದು ಹುಳಿ ಸಾಲದು ಅಂದೆ.

ಮುನಿಸ್ವಾಮಿಯೂ ಬೆರಳದ್ದಿ ನೆಕ್ಕಿದ. "ಊಂ ಕಣಕ್ಕಾ, ಸಾಲ್ದು," ಅಂದ. ಆಮೇಲೆ ದನಿ ತಗ್ಗಿಸಿ, "ನಮ್ಮಪ್ಪನ ಪಕ್ಕದಾಗೂ ಇಂಗೇ ಒಂದು ಚಿಪ್ಪಿತ್ತು," ಅಂದ. ಇವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಇನ್ನು ಮಳೆ ಬಿದ್ದ ಮೇಲೆ ನೋಡೋಣ ವಸ್ತಾದ್ರೇ ಅಂದ. ಬೆಳ್ಳಿ ಕಡಗ ಕೊಟ್ಟವರು ಆಳು ನೋಡಿಯೇ ಕೊಟ್ಟಿದ್ದಾರೆ ಅನ್ನಿಸಿತು ನನಗೆ.

ಉಂಡು ಹೋಗು ಅಂತ ಕೂರಿಸಿದೆ. ಅದೇ ಮಜ್ಜಿಗೆಗೆ ಒಗ್ಗರಣೆ ಹಾಕಿ ಮುದ್ದೆಯ ಜೊತೆ ಮೂವರೂ ಉಂಡೆವು. ಹುಳಿಗೆ ಮೂವರ ಮುಖವೂ ಕಿವುಚಿಕೊಂಡಿತು. ಆದರೂ ಮೂವರೂ ಇನ್ನೊಂದು ಸೌಟು ಬಡಿಸಿಕೊಂಡೆವು. ಅವನು ಮಾರಿಕುಪ್ಪಂನಲ್ಲಿ ಊರಿನ ರೈಲು ಹಿಡಿಯಲು ಹೋದ ಮೇಲೆ ಇವರು, "ಪಾಪ, ಉಡುಗ ಎದರ್ಕೊಂಡ ಕಣೇ," ಅಂದರು. ನಾನು ಹೂಂ ಅಂದೆ. ರಾತ್ರಿ, ಮಲಗಿದರೆ ಉಸಿರು ಕಟ್ಟುತ್ತದಲ್ಲ, ಗೋಡೆಗೊರಗಿ ಕೂತಲ್ಲೇ ಅವರೇ ಮೊದಲು ನಿದ್ದೆ ಹೋದರು, ರುಮಾಲು ತೊಡೆಯ ಮೇಲಿತ್ತು. ಅವರ ಎದೆಯ ಗೊರಗೊರ ಕೇಳುತ್ತಾ ನಾನು ಎಚ್ಚರವಾಗಿದ್ದೆ. ನಾಳೆಯೂ ನಲ್ಲಿಯಲ್ಲಿ ಮೊದಲ ಬಿಂದಿಗೆ ನನ್ನದೇ ಅನ್ನುವ ಸಮಾಧಾನವೂ, ಹೇಳಬಾರದು, ಸ್ವಲ್ಪ ಇತ್ತು.