ಅಷ್ಟಗ್ರಹ ಕೂಟದ ಸಂಡಿಗೆ

ಅಭಿಪ್ರಾಯವೇ ಇಲ್ಲದವರನ್ನು ನಾನು ನೋಡಿದ್ದೇನೆ. ಅವರು ಸುಖವಾಗಿರುತ್ತಾರೆ. ಒಂದೇ ಅಭಿಪ್ರಾಯ ಹಿಡಿದುಕೊಂಡು ಜೀವಮಾನವಿಡೀ ಅದನ್ನೇ ಎಳೆದಾಡುವವರನ್ನೂ ನೋಡಿದ್ದೇನೆ. ಅವರೂ ಸುಖವಾಗಿರುತ್ತಾರೆ, ಜೊತೆಗಿರುವವರು ಮಾತ್ರ ಇರುವುದಿಲ್ಲ. ನನ್ನ ಕಷ್ಟ ಬೇರೆ. ನನಗೆ ಪ್ರತಿಯೊಂದು ವಿಷಯದಲ್ಲೂ ಎರಡು ಅಭಿಪ್ರಾಯಗಳಿವೆ. ಎರಡೂ ಸರಿಯಾಗಿಯೇ ಕಾಣುತ್ತವೆ. ಎದುರಿಗೆ ಕೂತವರ ಮುಖ ನೋಡಿದ ಕೂಡಲೇ ಅವರಿಗೆ ಒಪ್ಪುವಂಥದ್ದು ತಾನಾಗಿಯೇ ಬಾಯಿಗೆ ಬಂದುಬಿಡುತ್ತದೆ. ಇದನ್ನು ಮೋಸ ಎಂದು ಯಾರೂ ತಿಳಿಯಬಾರದು. ಸುಳ್ಳು ಹೇಳುವವನಿಗೆ ನಿಜ ಯಾವುದೆಂದಾದರೂ ಗೊತ್ತಿರುತ್ತದೆ, ನನಗೆ ಅದೂ ಗೊತ್ತಿರುವುದಿಲ್ಲ. ಸೇರು ಹೋಗಿ ಕಿಲೋ ಬಂದಾಗ, ಅಂಗಡಿ ಶೆಟ್ಟರ ಮುಂದೆ ನಿಂತು ಕಿಲೋದಿಂದ ದೇಶ ಉದ್ಧಾರವಾಗುತ್ತದೆ ಎಂದೆ. ಮನೆಗೆ ಬಂದು, ಸೇರಿನ ಗತ್ತು ಈ ಕಿಲೋಗೆಲ್ಲಿ ಬರಬೇಕು ಎಂದೆ. ಚುನಾವಣೆಯ ಜೀಪುಗಳು ಮೈಕು ಕಟ್ಟಿಕೊಂಡು ಜಯನಗರದ ಖಾಲಿ ರಸ್ತೆಗಳಲ್ಲಿ ಕೂಗುತ್ತಾ ತಿರುಗಿದ ಆ ದಿನಗಳಲ್ಲಿ, ಬಾಗಿಲಿಗೆ ಬಂದ ಎರಡು ಪಕ್ಷದವರೂ ನಮ್ಮ ಮನೆಯ ವೋಟು ತಮ್ಮದೇ ಎಂದು ನಂಬಿಕೊಂಡು ಸಂತೋಷವಾಗಿ ಹೋದರು. ಇಷ್ಟರಿಂದ ಯಾರಿಗೂ ನಷ್ಟವಾಗಿರಲಿಲ್ಲ. ನಷ್ಟವಾಗುವ ಹಾಗೆ ಆದದ್ದು ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಸೇರಲು ಹೊರಟಾಗ.

ಅರವತ್ತೆರಡರ ಫೆಬ್ರವರಿ ಮೊದಲ ವಾರದ ಆ ಅಷ್ಟಗ್ರಹ ಕೂಟವನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಾಣದವರಿಗೆ ಎಷ್ಟು ಹೇಳಿದರೂ ನಂಬಿಕೆ ಬರುವುದಿಲ್ಲ. ಎಂಟು ಗ್ರಹಗಳು ಮಕರ ರಾಶಿಯಲ್ಲಿ ಒಟ್ಟಿಗೆ ಕೂರುತ್ತವೆ, ಲೋಕ ಮುಳುಗುತ್ತದೆ ಎಂದು ಊರಿಗೆ ಊರೇ ಮಾತಾಡಿಕೊಳ್ಳುತ್ತಿತ್ತು. ದೇವಸ್ಥಾನಗಳಲ್ಲಿ ಹಗಲು ರಾತ್ರಿ ಭಜನೆ. ಪುರೋಹಿತರು ಸಿಗುವುದೇ ಕಷ್ಟ. ನಮ್ಮ ಬೀದಿಯಲ್ಲಿ ಪಾಯ ತೋಡಿದ್ದ ಮನೆಗಳ ಕೆಲಸ ನಿಂತಿತ್ತು, ಕೂಟ ಕಳೆಯಲಿ, ಭೂಮಿ ಉಳಿದರೆ ಗೋಡೆ ಎಬ್ಬಿಸೋಣ ಎಂದು ಯಜಮಾನರು ಕಾದಿದ್ದರು. ಕೋಣನಕುಂಟೆ ಕಡೆಯಿಂದ ಅವರೆಕಾಯಿ ತರುತ್ತಿದ್ದ ಮುನಿಯಮ್ಮ ಕೂಡ ಮಂಕರಿ ಇಳಿಸಿ, "ಸ್ವಾಮಿ, ಸೋಮ್ವಾರ ಬರ್ಲಾ ಬ್ಯಾಡ್ವಾ?" ಎಂದು ನನ್ನನ್ನೇ ಕೇಳಿದಳು. ಬಾ, ಆದರೆ ಜಾಸ್ತಿ ತರಬೇಡ ಎಂದೆ. ಇದು ನನ್ನ ಅಭಿಪ್ರಾಯಗಳಲ್ಲಿ ಸಾಕಷ್ಟು ಖಚಿತವಾದದ್ದು.

ನನ್ನ ಹೆಂಡತಿ ಸಾವಿತ್ರಿ ಮಾತು ಕಡಿಮೆಯವಳು. ಲೋಕದ ಸುದ್ದಿಯಲ್ಲಿ ಅವಳು ನನ್ನ ಅಭಿಪ್ರಾಯ ಕೇಳಿದವಳಲ್ಲ, ಕೇಳದೆಯೇ ಬೇಕಾದಷ್ಟು ಸಿಗುತ್ತಿತ್ತು ಎಂಬುದು ಬೇರೆ ಮಾತು. ಆ ವಾರದ ಒಂದು ಸಂಜೆ ಅವರೆಕಾಳು ಹಿಸುಕುತ್ತಾ ಕೂತಿದ್ದವಳು ಕೈ ನಿಲ್ಲಿಸಿ, ಈ ವರ್ಷ ಸಂಡಿಗೆ ಹಾಕಬೇಕೋ ಬೇಡವೋ ಎಂದು ಕೇಳಿದಳು. ಲೋಕವೇ ಅಲ್ಲಾಡುತ್ತಿರುವಾಗ ಇವಳಿಗೆ ಸಂಡಿಗೆಯ ಚಿಂತೆಯೇ ಎಂದು ನಗು ಬಂತು. ಅವಳು ನಗಲಿಲ್ಲ.

"ವರ್ಷಕ್ಕಾಗೋ ಪದಾರ್ಥ ರೀ ಅದು. ಇರ್ತೀವಿ ಅಂದ್ರೆ ಹಾಕ್ತೀನಿ. ಇಲ್ಲ ಅಂದ್ರೆ ಬಿಸಿಲಲ್ಲಿ ಸುಮ್ನೆ ಯಾಕೆ ಒದ್ದಾಡ್ಲಿ? ನೀವು ಒಂದು ಮಾತು ಹೇಳಿ."

ಹೇಳುವಾಗ ಅವಳ ಕಣ್ಣು ನಡುಮನೆಯಲ್ಲಿ ಜಗಳವಾಡುತ್ತಿದ್ದ ಮಕ್ಕಳ ಮೇಲಿತ್ತು. ಅವಳು ಕೇಳಿದ್ದು ಸಂಡಿಗೆಯನ್ನಲ್ಲ ಎಂದು ನನಗೆ ಆಗಲೇ ಅರ್ಥವಾಯಿತು. ಮದುವೆಯಾದ ಮೇಲೆ ಮೊದಲ ಸಲ ನನ್ನ ಹೆಂಡತಿಗೆ ನನ್ನ ಅಭಿಪ್ರಾಯ ಬೇಕಾಗಿತ್ತು, ಅದೂ ಒಂದೇ ಒಂದು. ನಾನು ಗಂಟಲು ಸರಿಮಾಡಿಕೊಂಡು, ವಿಜ್ಞಾನದ ಪ್ರಕಾರ ನೋಡಿದರೆ ಹೀಗೆ, ಶಾಸ್ತ್ರದ ಪ್ರಕಾರ ನೋಡಿದರೆ ಹಾಗೆ, ಎರಡನ್ನೂ ತೂಗಿ ನೋಡಿದರೆ ಎಂದು ಶುರುಮಾಡಿದೆ. ತೂಗುವುದು ಮುಗಿಯುವ ಹೊತ್ತಿಗೆ ಅವಳು ಅವರೆಕಾಳಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ಮಾರನೆಯ ದಿನ ಪಕ್ಕದ ಸಿದ್ದಾಪುರದಿಂದ ಸಾವಿತ್ರಿಯ ತಂದೆ, ನಮ್ಮ ಮಾವ ಬಂದರು. ಅವರದು ಒಂದೇ ಅಭಿಪ್ರಾಯದ ಜಾತಿ. ಭಾನುವಾರ ಅಮಾವಾಸ್ಯೆ ಬೇರೆ, ಮಧ್ಯಾಹ್ನದ ಹೊತ್ತಿಗೆ ಗಂಡಾಂತರ ಕಟ್ಟಿಟ್ಟದ್ದು, ಶಾಂತಿ ಮಾಡಿಸಲೇಬೇಕು ಎಂದರು. ತಮ್ಮದು ವಠಾರದ ಮನೆ, ಹೋಮದ ಹೊಗೆಗೆ ಅಕ್ಕಪಕ್ಕದವರು ಕೆಮ್ಮಿ ಜಗಳಕ್ಕೆ ಬರುತ್ತಾರೆ, ನಿಮ್ಮ ಹಜಾರ ಪ್ರಶಸ್ತವಾಗಿದೆ, ಪುರೋಹಿತರನ್ನೂ ಗೊತ್ತುಮಾಡಿ ಬಂದಿದ್ದೇನೆ, ಸಂಜೆಯ ತನಕ ಎಲ್ಲರೂ ಉಪವಾಸ ಇರತಕ್ಕದ್ದು ಎಂದರು. ಅವರ ಮುಖ ನೋಡಿದ ಮೇಲೆ ನನಗೆ ಶಾಸ್ತ್ರದ ಕಡೆಯೇ ನಿಜ ಇದೆ ಎನ್ನಿಸಿತು. ಆಗಬಹುದು ಮಾವ, ನಾನೂ ಅದನ್ನೇ ಯೋಚಿಸುತ್ತಿದ್ದೆ ಎಂದೆ.

ಅದರ ಮಾರನೆಯ ದಿನ ಆಫೀಸಿನಲ್ಲಿ ಗುರುಬಸಪ್ಪ. ಈತ ದಾವಣಗೆರೆ ಕಡೆಯವನು, ವರ್ಗವಾಗಿ ನಮ್ಮ ಕಚೇರಿಗೆ ಬಂದವನು, ನನ್ನ ಪಕ್ಕದ ಮೇಜಿನವನು. ಗ್ರಹ, ಶಕುನ, ರಾಹುಕಾಲ ಎಂದರೆ ಉರಿದುಬೀಳುತ್ತಿದ್ದ. ಕಾಫಿಯ ಹೊತ್ತಿಗೆ ಅವನು, ಭಾನುವಾರ ಮಧ್ಯಾಹ್ನ ಸರಿಯಾಗಿ ಅದೇ ಗಂಡಾಂತರದ ಹೊತ್ತಿಗೆ ನಾವೆಲ್ಲ ಒಂದು ಕಡೆ ಸೇರಿ ಹೊಟ್ಟೆ ತುಂಬಾ ಊಟಮಾಡಿ ಲೋಕಕ್ಕೆ ತೋರಿಸಬೇಕು ಎಂದು ಸವಾಲು ಹಾಕಿದ. ಯಾರ ಮನೆಯಲ್ಲಿ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಕಾಫಿಯ ಲೋಟದೊಳಗೆ ನೋಡತೊಡಗಿದರು, ಏಕೆಂದರೆ ಎಲ್ಲರಿಗೂ ಹೆಂಡತಿಯರಿದ್ದರು. ಆ ಹೊತ್ತಿನಲ್ಲಿ ನಾನು ಗ್ರಹಗಳ ದೂರ, ಭೂಮಿಯ ಆಕರ್ಷಣೆ, ಜನರ ಮೌಢ್ಯ ಇವುಗಳ ಮೇಲೆ ಒಂದು ಒಳ್ಳೆಯ ಭಾಷಣ ಮಾಡುತ್ತಿದ್ದೆ. ಭಾಷಣ ಎಷ್ಟು ಚೆನ್ನಾಗಿ ಬಂತೆಂದರೆ ಅದರ ಕೊನೆಯಲ್ಲಿ, ನಮ್ಮ ಮನೆಗೇ ಬನ್ನಿ ಎಂದು ಬಾಯಿಂದ ಬಿದ್ದುಹೋಯಿತು. ಚಪ್ಪಾಳೆ ತಟ್ಟಿದರು.

ಇದಾದ ಮೇಲೆ ಒಂದು ಕಡೆಗಾದರೂ ಬೇಡ ಎಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಆಗ ನನ್ನ ತಲೆ ಓಡಿದ್ದು ಹೀಗೆ: ಪ್ರಳಯ ಆದರೆ ಊಟದ ಪ್ರಶ್ನೆಯೇ ಬರುವುದಿಲ್ಲ, ಪ್ರಳಯ ಆಗದಿದ್ದರೆ ಹೋಮ ಬೇಕಾಗಿಯೇ ಇರಲಿಲ್ಲ. ಅಂದಮೇಲೆ ಎರಡರಲ್ಲಿ ಒಂದು ತಾನಾಗಿಯೇ ನಿಂತುಹೋಗಬೇಕು, ನಾನೇಕೆ ನಡುವೆ ಬಾಯಿ ಹಾಕಲಿ? ಈ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎನ್ನಿಸುತ್ತಿತ್ತು, ಎಲ್ಲಿ ಎಂದು ಮಾತ್ರ ಹೊಳೆಯಲಿಲ್ಲ. ಶನಿವಾರ ಸಂಜೆಯಾದರೂ ಯಾವುದೂ ನಿಲ್ಲುವ ಸೂಚನೆ ಕಾಣದೆ, ನಾಳೆ ಆಫೀಸಿನ ನಾಲ್ಕು ಜನ ಬರಬಹುದು ಎಂದು ಸಾವಿತ್ರಿಗೆ ಮೆಲ್ಲಗೆ ಹೇಳಿದೆ. ಹೋಮಕ್ಕಾ ಎಂದಳು. ಹೌದೂ ಹೌದು, ಅಲ್ಲವೂ ಹೌದು ಎಂದೆ. ಅವಳು ಮತ್ತೇನೂ ಕೇಳದೆ ತೊಗರಿಬೇಳೆ ಡಬ್ಬಿ ಕೆಳಗಿಳಿಸಿದಳು.

ಭಾನುವಾರ ಬೆಳಗಾಯಿತು. ಸೂರ್ಯ ಪೂರ್ವದಲ್ಲೇ ಹುಟ್ಟಿದ. ಮಾವ ಮಡಿಯುಟ್ಟು ಬಂದವರು, ಕಾಂಪೌಂಡಿನ ಮೇಲೆ ಕೂತಿದ್ದ ಒಂದು ಕಾಗೆಯನ್ನು ನಾನು ಉಶ್ ಎಂದು ಓಡಿಸಿದ್ದಕ್ಕೆ ತಲೆತಲೆ ಚಚ್ಚಿಕೊಂಡರು. ಅಮಾವಾಸ್ಯೆಯ ದಿನ ಕಾಗೆಯ ರೂಪದಲ್ಲಿ ಪಿತೃಗಳು ಬರುತ್ತಾರೆ, ಅದರಲ್ಲೂ ಇಂಥ ಅಮಾವಾಸ್ಯೆ, ಅವರನ್ನು ಓಡಿಸುವುದುಂಟೇ ಎಂದರು. ನಾನು ಕಾಗೆ ಹೋದ ದಿಕ್ಕಿಗೆ ಕೈಮುಗಿದೆ. ಹೋಮ ಶುರುವಾಯಿತು. ಹಜಾರದ ತುಂಬ ಹೊಗೆ, ಮಕ್ಕಳ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ ನೀರು, ಅದು ಹೊಗೆಗೆ ಮಾತ್ರ ಬಂದದ್ದಲ್ಲ. ಗಡಿಯಾರದ ಮುಳ್ಳು ಹನ್ನೆರಡರ ಹತ್ತಿರ ಹೋದಷ್ಟೂ ನನಗೆ ಪ್ರಳಯದ ಮೇಲೆ ಆಸೆ ಹೆಚ್ಚಾಗುತ್ತಾ ಬಂತು.

ಗೇಟು ಕಿರ್ ಎಂದಿತು. ಮುಂದೆ ಗುರುಬಸಪ್ಪ, ಹಿಂದೆ ನಮ್ಮ ಕಚೇರಿಯ ವಿಚಾರವಂತರು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಹೋಮಕುಂಡ ನೋಡಿದರು, ಪುರೋಹಿತರನ್ನು ನೋಡಿದರು, ಮೈಮೇಲೆ ಶಲ್ಯ ಹೊದ್ದು ದರ್ಭೆ ಹಿಡಿದು ಕೂತಿದ್ದ, ಮೌಢ್ಯದ ಮೇಲೆ ಭಾಷಣ ಮಾಡಿದ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಮಾವ, ಇವರೆಲ್ಲ ಯಾರು ಎಂಬಂತೆ ನನ್ನ ಕಡೆ ತಿರುಗಿದರು. ಎರಡು ಕಡೆಯವರ ಮುಖವನ್ನೂ ಒಟ್ಟಿಗೆ ನೋಡಬೇಕಾಗಿ ಬಂದದ್ದರಿಂದ ನನ್ನ ಬಾಯಿಗೆ ಏನೂ ಬರಲಿಲ್ಲ. ಅಂಥ ಅವಸ್ಥೆ ನನಗೆ ಹಿಂದೆಂದೂ ಬಂದಿರಲಿಲ್ಲ. ಆಗ ಗುರುಬಸಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಚೀಲದಿಂದ ಒಂದು ತೆಂಗಿನಕಾಯಿ, ಒಂದು ಹಿಡಿ ಬಿಲ್ವಪತ್ರೆ ತೆಗೆದು ಪುರೋಹಿತರ ಮುಂದಿಟ್ಟ.

"ಮನಿಯಾಕಿ ಗುಡಿಗೆ ಕೊಟ್ಟು ಬಾ ಅಂದಿದ್ಲು. ಅಲ್ಲಿ ಕಾಲಿಡಾಕ ಜಾಗ ಇಲ್ಲ. ಹೆಂಗೂ ಇಲ್ಲೇ ನಡದೈತಲ್ರೀ, ಆಕಿ ಹೆಸರೂ ಒಂದು ಹೇಳಿಬಿಡ್ರಿ. ರೋಹಿಣಿ ನಕ್ಷತ್ರ."

ಸ್ವಲ್ಪ ತಡೆದು, ತನ್ನದು ಪುಷ್ಯ ಎಂದೂ ಸೇರಿಸಿದ. ಮಿಕ್ಕವರೂ ಒಬ್ಬೊಬ್ಬರಾಗಿ ಬಂದು ಕೂತು ಹೆಂಡತಿ ಮಕ್ಕಳ ನಕ್ಷತ್ರ ಹೇಳತೊಡಗಿದರು. ಪುರೋಹಿತರಿಗೆ ಉಸಿರಾಡಲು ಪುರಸತ್ತಿಲ್ಲದಂತಾಯಿತು. ಮಾವನವರ ಮುಖ ಅರಳಿತು. ಆಫೀಸಿನಲ್ಲಿ ಇಷ್ಟು ಆಸ್ತಿಕರಿದ್ದಾರೆಂದು ಅಳಿಯಂದಿರು ಒಂದು ದಿನವೂ ಹೇಳಲಿಲ್ಲವಲ್ಲ ಎಂದು ಸಂತೋಷಪಟ್ಟರು. ಅಷ್ಟರಲ್ಲಿ ಅಡುಗೆಮನೆಯಿಂದ ಹುಳಿಗೆ ಇಂಗಿನ ಒಗ್ಗರಣೆ ಬಿದ್ದ ವಾಸನೆ ಬಂತು. ಹೋಮದ ಹೊಗೆಯನ್ನೂ ದಾಟಿ ಬಂತು. ಮಾವ ಮೂಗನ್ನು ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಜಪ ಮಾಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಳಿಯಂದ್ರೇ, ಅತಿಥಿಗಳನ್ನ ಉಪವಾಸ ಕೆಡವಬಾರ್ದು. ಅವ್ರ ಜೊತೆ ಕೂರದಿದ್ರೆ ಅದೂ ದೋಷ."

ಎಲ್ಲರೂ ಕೂತು ಊಟ ಮಾಡಿದರು. ಗಂಡಾಂತರದ ಹೊತ್ತು ಹುಳಿಯನ್ನದಲ್ಲಿ ಒಂದಿಷ್ಟು, ಮಜ್ಜಿಗೆಯಲ್ಲಿ ಒಂದಿಷ್ಟು ಕಳೆದುಹೋಯಿತು. ತಾಂಬೂಲದ ವೇಳೆಗೆ ಎರಡು ಕಡೆಯವರಿಗೂ ತಮ್ಮ ತಮ್ಮ ಸಿದ್ಧಾಂತ ಮತ್ತೆ ನೆನಪಾಯಿತು. ನೋಡಿದಿರಾ, ಹೋಮ ಮಾಡಿಸಿದ್ದಕ್ಕೆ ಏನೂ ಆಗಲಿಲ್ಲ ಎಂದರು ಮಾವ. ಏನೂ ಆಗುವುದಿಲ್ಲ ಎಂದು ನಾನು ಮೊದಲೇ ಹೇಳಿರಲಿಲ್ಲವೇ ಎಂದ ಗುರುಬಸಪ್ಪ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ ನನ್ನ ಅಭಿಪ್ರಾಯ ಕೇಳಿದರು. ಸುಣ್ಣ ತರುತ್ತೇನೆ ಎಂದು ಎದ್ದು, ಹಿತ್ತಿಲಿನಿಂದ ಹೊರಗಿನ ಮೆಟ್ಟಿಲು ಹತ್ತಿ ತಾರಸಿಗೆ ಓಡಿದೆ.

ಹತ್ತಿದವನು ಕೊನೆಯ ಮೆಟ್ಟಿಲಲ್ಲೇ ನಿಂತೆ. ತಾರಸಿಯ ಈ ಮೂಲೆಯಿಂದ ಆ ಮೂಲೆಗೆ ನನ್ನ ಹಳೆಯ ಪಂಚೆಗಳನ್ನು ಹಾಸಿತ್ತು. ಅವುಗಳ ಮೇಲೆ ಸಾಲುಸಾಲಾಗಿ ಬಿಳಿಯ ಅಕ್ಕಿ ಸಂಡಿಗೆ ಬಿಸಿಲಿಗೆ ಒಣಗುತ್ತಿತ್ತು. ಸಾವಿತ್ರಿ ಮೂಲೆಯಲ್ಲಿ ಕೂತು ಒಂದೊಂದನ್ನೇ ಬಿಡಿಸಿ ಮಗುಚಿ ಹಾಕುತ್ತಿದ್ದಳು. ಶನಿವಾರ ಬೆಳಗ್ಗೆ ನಾನು ಆಫೀಸಿಗೆ ಹೊರಟ ಮೇಲೆ ಹಾಕಿದ್ದಂತೆ.

"ನನ್ನನ್ನ ಕೇಳಿದ್ದೆಯಲ್ಲ," ಎಂದೆ.

"ಕೇಳಿದ್ದೆ. ನೀವು ತೂಗಿ ಮುಗಿಸೋ ತನಕ ಬಿಸಿಲು ಕಾಯುತ್ತಾ?"

ನಿನಗೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಸಂಡಿಗೆಯನ್ನು ಬಿಸಿಲಿಗೆ ಹಿಡಿದು, ಒಣಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು.

"ಆಯ್ತು. ತುಂಬಾ ಆಯ್ತು. ಅದಕ್ಕೇ ಒಂದು ಸೇರು ಜಾಸ್ತಿ ಹಾಕ್ದೆ."

ಇದಕ್ಕೆ ಎದುರಾಗಿ ಹೇಳುವಂಥ ಎರಡನೆಯ ಅಭಿಪ್ರಾಯ ನನಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಇಷ್ಟು ದಿನ ನಾನು ಗ್ರಹಗಳ ಬಗ್ಗೆ ಆಡಿದ ಮಾತೆಲ್ಲ ಆ ಬಿಸಿಲಲ್ಲಿ ನನಗೇ ನಾಚಿಕೆ ತರಿಸಿತು, ಹೆಂಡತಿಯ ಮೇಲೆ ತುಂಬಾ ಪ್ರೀತಿಯೂ ಬಂತು. ಅದನ್ನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಮಾವ ಸುಣ್ಣ ಎಲ್ಲಿ ಎಂದು ಕೂಗಿದರು. ಅವಳು ಎದ್ದು, ಮೂಲೆಯಲ್ಲಿದ್ದ ಹಳೆಯ ಕಪ್ಪು ಕೊಡೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಬರುವ ತನಕ ಇಲ್ಲೇ ಕೂತಿರಿ, ಕಾಗೆ ಬಂದರೆ ಓಡಿಸಿ, ಇನ್ನೇನೂ ಮಾಡುವುದು ಬೇಡ ಎಂದು ಹೇಳಿ ಇಳಿದುಹೋದಳು.

ಕೊಡೆ ಹಿಡಿದು ಕೂತೆ. ಕೆಳಗೆ ಹೋಮ ಗೆದ್ದಿತೋ ವಿಜ್ಞಾನ ಗೆದ್ದಿತೋ ಎಂಬ ವಾದ ನಡೆದೇ ಇತ್ತು. ಒಂದು ಕಾಗೆ ಬಂದು ತಾರಸಿಯ ಮೋಟುಗೋಡೆಯ ಮೇಲೆ ಕೂತಿತು. ಬೆಳಗ್ಗೆ ಬಂದದ್ದೇ ಇರಬೇಕು. ನಾನು ಕೊಡೆ ಎತ್ತಿದೆ. ಅಮಾವಾಸ್ಯೆ ಎಂಬುದು ನೆನಪಾಯಿತು, ಇಳಿಸಿದೆ. ಸಾವಿತ್ರಿ ಹೇಳಿದ್ದು ನೆನಪಾಯಿತು, ಮತ್ತೆ ಎತ್ತಿದೆ. ಅದರ ಮುಖವನ್ನು ಚೆನ್ನಾಗಿ ನೋಡಿದೆ. ಕೋಪಿಷ್ಠರಾಗಿದ್ದ ನಮ್ಮ ತಾತನ ಹಾಗೆ ಸ್ವಲ್ಪ ಕಂಡಿತು. ಒಂದು ಕಡೆಯಿಂದ ನೋಡಿದರೆ ಇದು ಬರೀ ಹಕ್ಕಿ, ಇನ್ನೊಂದು ಕಡೆಯಿಂದ ನೋಡಿದರೆ ಮನೆಯ ಹಿರಿಯರು, ಎರಡನ್ನೂ ತೂಗಿ ನೋಡಿದರೆ ಎಂದು ನಾನು ಯೋಚಿಸತೊಡಗಿದೆ. ಕಾಗೆ ತಲೆ ಓರೆಮಾಡಿ ನನ್ನನ್ನು ನೋಡಿತು. ಆಮೇಲೆ ಕೆಳಗಿಳಿದು, ಎಲ್ಲಕ್ಕಿಂತ ದೊಡ್ಡ ಸಂಡಿಗೆಯನ್ನೇ ಆರಿಸಿ ಕಚ್ಚಿಕೊಂಡು ಹಾರಿಹೋಯಿತು. ಅದೂ ನನ್ನ ಅಭಿಪ್ರಾಯಕ್ಕೆ ಕಾಯಲಿಲ್ಲ.