ರಾಮಾಂಜಿನಪ್ಪನ ಅರ್ಧ ಮೀಸೆ

ಹಾರಿದ್ದು ಅರ್ಧ ಚಮಚದಷ್ಟು ಕರಗಿದ ಕಬ್ಬಿಣ, ಅಷ್ಟೆ. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಎರಕ ಹೊಯ್ಯುತ್ತಿದ್ದ ರಾಮಾಂಜಿನಪ್ಪನ ಕಣ್ಣನ್ನು ಬಿಟ್ಟಿತು, ಮೂಗನ್ನು ಬಿಟ್ಟಿತು, ನೆಟ್ಟಗೆ ಹೋಗಿ ಮೀಸೆಯ ಎಡಭಾಗದ ಮೇಲೆ ಕೂತಿತು. ಗಾಯವೇನೋ ವಾಸಿಯಾಯಿತು. ಆದರೆ ಆ ಜಾಗದಲ್ಲಿ ಮತ್ತೆ ಒಂದೇ ಒಂದು ಕೂದಲು ಹುಟ್ಟಲಿಲ್ಲ. ಅರ್ಧ ಮೀಸೆ ಹೊತ್ತು ಊರಲ್ಲಿ ಓಡಾಡುವುದು ಹೇಗೆ? ಉಳಿದರ್ಧವನ್ನೂ ಬೋಳಿಸಿಬಿಟ್ಟ.

ಬರೀ ಮುಖದ ಮಾತಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಯುಗಾದಿಗೆ ಊರವರು ಆಡುವ ನಾಟಕದಲ್ಲಿ ಹತ್ತು ವರ್ಷದಿಂದ ರಾಜನ ಪಾತ್ರ ಅವನದೇ. ಆ ವರ್ಷ ಅಂಟಿಸಿದ ಮೀಸೆ ಸುಟ್ಟ ಚರ್ಮದ ಮೇಲೆ ನಿಲ್ಲದೆ, ಹಾಡಿನ ನಡುವೆ ಕಳಚಿ ಬಾಯೊಳಕ್ಕೇ ಹೋಯಿತು. ಜನ ನಕ್ಕ ನಗುವಿಗೆ ಹಾರ್ಮೋನಿಯಂ ಕೇಳಿಸಲಿಲ್ಲ. ಕಾರ್ಖಾನೆಯ ಜತೆಗಾರನೂ ನಾಟಕದ ಮೇಷ್ಟರೂ ಆಗಿದ್ದ ಆವಲಪ್ಪ ಮುಂದಿನ ಸಲ ಅವನಿಗೆ ಸೀರೆ ಉಡಿಸಿ ರಾಜಮಾತೆಯ ಪಾತ್ರ ಕೊಟ್ಟ. ಹಾಗೆ ಮೂರು ಯುಗಾದಿ ಕಳೆದವು. ಅಂಗಡಿಗೆ ಹೋದರೂ ಹುಡುಗರು “ಅಮ್ಮಾವ್ರು ಬಂದ್ರು” ಅನ್ನುವಂತಾಯಿತು. ಅವನಿಗೆ ಅಳು ಬರುತ್ತಿತ್ತು.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಸಿಟಿಯ ಒಂದು ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ಡಾಕ್ಟರು ಅವನ ತುಟಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಕಿವಿ ಹಿಂದಿನಿಂದ ಕೂದಲಿರೋ ಚರ್ಮ ತೆಗೆದು ಇಲ್ಲಿ ಕೂರಿಸ್ತೀನಿ. ಮೂರ್ನಾಲ್ಕು ತಿಂಗಳಿಗೆ ಮೀಸೆ ಬರತ್ತೆ” ಅಂದರು. ರಾಮಾಂಜಿನಪ್ಪ ಕುರ್ಚಿಯಿಂದ ಎದ್ದು ಕಾಲಿಗೆ ಬೀಳಲು ಹೋದ. “ತಾಳಿ. ನಿಮಗೆ ಎಂಟು ವರ್ಷದಿಂದ ಶುಗರ್ ಇದೆ. ಆಪರೇಷನ್ ದಿನ ಔಷಧ ಹಾಕಿ ಮೂತ್ರ ಕಾಯಿಸಿ ನೋಡ್ತೀವಿ. ನೀಲಿ ಇಲ್ಲಾ ಹಸಿರು ಬಂದ್ರೆ ಮಾಡ್ತೀನಿ. ಇಟ್ಟಿಗೆ ಕೆಂಪು ಬಂದ್ರೆ ಸಕ್ಕರೆ ಜಾಸ್ತಿ ಅಂತ, ಮನೆಗೆ ವಾಪಸ್. ಶುಗರ್ ಇಟ್ಕೊಂಡು ಹಾಕಿದ ಚರ್ಮ ಕೊಳೆತು ಹೋಗತ್ತೆ. ಎರಡನೇ ಸಲ ನಾನು ಕೈ ಹಾಕಲ್ಲ.”

ಎರಡು ತಿಂಗಳು ಅವನು ಸನ್ಯಾಸಿಯಾದ. ಹೆಂಡತಿ ಸೀತಾ ದಿನಾ ಸಿರಿಂಜು ಕುದಿಸಿ ಇನ್ಸುಲಿನ್ ಚುಚ್ಚಿದಳು. ಹಾಗಲಕಾಯಿ ತಿಂದ, ಕೆರೆ ಏರಿಯ ಮೇಲೆ ನಡೆದ. ಊರಿಗೆ ಊರೇ ಬೆರಗಾಗಿ ಕೂತಿತ್ತು. “ತಲೆ ಕೂದ್ಲ ತಂದು ಮೂತಿಗೆ ನೆಡ್ತಾರಂತೆ ಕಣ್ಲಾ, ರಾಗಿ ಪೈರು ನಾಟಿ ಮಾಡ್ದಂಗೆ!” ಎಂದು ಅರಳಿಕಟ್ಟೆಯಲ್ಲಿ ಅದೇ ಮಾತು. ಏನು ಕಾಲ ಬಂತು ಸ್ವಾಮಿ!

ಆಪರೇಷನ್ ದಿನ ಬೆಳಿಗ್ಗೆ ಹೊಸಿಲು ದಾಟುವಷ್ಟರಲ್ಲಿ ತಾಯಿ ಭದ್ರಮ್ಮ ಪಂಚಾಮೃತದ ಬಟ್ಟಲು ಹಿಡಿದು ಅಡ್ಡ ನಿಂತಳು.

“ಬ್ಯಾಡ ಕಣವ್ವಾ, ಸಕ್ಕರೆ.”

“ಕತ್ತಿ ಕೆಳಕ್ಕೆ ಓಗೋನು ಪ್ರಸಾದ ಬ್ಯಾಡ ಅಂತೀಯಾ? ಬಾಯಿ ತಗಿ!”

ಪ್ರಸಾದ ಬೇಡ ಅನ್ನುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ. ಬಾಯಿ ತೆರೆದ. ಗೇಟಿನ ಹತ್ತಿರ, ಅವರ ವಠಾರದಲ್ಲೇ ಬಾಡಿಗೆಗಿದ್ದ ನಾಗಲಕ್ಷ್ಮಮ್ಮ ಕಾದಿದ್ದರು. ಗಂಡನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ಇವರಿಗೆ ಪಕ್ಕದ ಮನೆಯವರ ಉಸಾಬರಿಯೇ ಕೆಲಸ.

“ನಿನ್ನೆ ಸತ್ಯನಾರಾಯಣ ಪೂಜೆ ಮಾಡ್ಸಿದ್ದೇ ನಿಮಗೋಸ್ಕರ ಕಣ್ರೀ” ಎಂದು ತುಪ್ಪ ಸುರಿಯುತ್ತಿದ್ದ ಸಜ್ಜಿಗೆಯ ಉಂಡೆಯನ್ನು ಅಂಗೈಗೆ ಇಟ್ಟರು.

“ಅಕ್ಕಾ, ಅವ್ರಿಗೆ ಸಕ್ಕರೆ ಕಾಯ್ಲೆ” ಎಂದಳು ಸೀತಾ.

“ಪ್ರಸಾದದ ಸಕ್ಕರೆ ಮೈಗೆ ಹತ್ತಲ್ಲ ಸೀತಾ! ನಿಮಗಷ್ಟೂ ಗೊತ್ತಿಲ್ವಾ?”

ನುಂಗಿದ. ಮಾರತಹಳ್ಳಿಯಲ್ಲಿ ಬಸ್ಸು ಹೊರಡುವ ಹೊತ್ತಿಗೆ ಆವಲಪ್ಪ ಸೈಕಲ್ಲು ಬಿಸಾಕಿ ಕಿಟಕಿಗೆ ಜೋತುಬಿದ್ದ. ಕೈಯಲ್ಲಿ ಮಾದಪ್ಪನ ಬೆಟ್ಟದ ಲಾಡು, ಅದೂ ಇಡೀ ಲಾಡು.

“ನಿನ್ಗೋಸ್ಕರ ಬೆಟ್ಟ ಅತ್ತಿ ಬಂದಿವ್ನಿ ಗುರು. ನನ್ನೆದ್ರಿಗೇ ತಿನ್ನು!”

ಕಂಡಕ್ಟರನೂ “ತಿನ್ನಿ ಯಜಮಾನ್ರೇ, ದೇವ್ರು ವಿಷ್ಯ, ರೈಟ್ ಕೊಡ್ಬೇಕು” ಅಂದ. ಕೊನೆಯ ತುಣುಕು ಗಂಟಲಿಳಿಯುವವರೆಗೂ ಬಸ್ಸು ಅಲ್ಲಾಡಲಿಲ್ಲ.

ವಿಮಾನದ ಕಾರ್ಖಾನೆ ದಾಟುವಾಗ ರಾಮಾಂಜಿನಪ್ಪನ ಕಣ್ಣ ಮುಂದೆ ಬರೀ ಇಟ್ಟಿಗೆ ಕೆಂಪು. ನಡೆದರೆ ಸಕ್ಕರೆ ಕರಗುತ್ತದೆ ಎಂದು ಡಾಕ್ಟರು ಹೇಳಿದ್ದರಲ್ಲ. ದೊಮ್ಮಲೂರಲ್ಲಿ ಧುಮುಕಿ, ಪಂಚೆ ಎತ್ತಿಕಟ್ಟಿ ಓಡತೊಡಗಿದ. ಹಿಂದೆ ಚೀಲ ಹಿಡಿದು ಸೀತಾ.

“ಯಾರಣ್ಣಾ ಅಟ್ಟಿಸ್ಕೊಂಡ್ ಬರ್ತಿರೋದು?” ಎಂದು ಸೈಕಲ್ಲಿನವನೊಬ್ಬ ಕೂಗಿದ.

“ಲಾಡು ಕಣಣ್ಣಾ!”

ಆಸ್ಪತ್ರೆಯಲ್ಲಿ ಸಿಸ್ಟರ್ ಮರಿಯಮ್ಮ ಗಾಜಿನ ಕೊಳವೆಗೆ ನೀಲಿ ಔಷಧ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ಗಂಡಹೆಂಡಿರು ಉಸಿರು ಬಿಗಿಹಿಡಿದು ನಿಂತರು. ಕುದಿಯಿತು. ನೀಲಿ ಕದಡಿತು. ಹಸಿರಾಯಿತು. ಇನ್ನೇನು ಹಳದಿಗೆ ತಿರುಗುತ್ತದೆ ಅನ್ನುವಾಗ ಅಲ್ಲೇ ನಿಂತುಬಿಟ್ಟಿತು. ಸಿಸ್ಟರ್ ಅದನ್ನು ಕಿಟಕಿಗೆ ಹಿಡಿದು, “ಹಸಿರು. ಒಳಗೆ ಕರ್ಕೊಂಡ್ ಬನ್ನಿ” ಅಂದರು. ಸೀತಾ ಗೋಡೆಗೊರಗಿ ಅತ್ತೇಬಿಟ್ಟಳು.

ಮರಗಟ್ಟುವ ಸೂಜಿ ಚುಚ್ಚಿದ್ದರು, ಅಷ್ಟೆ. ರಾಮಾಂಜಿನಪ್ಪನಿಗೆ ಎಚ್ಚರವಿತ್ತು. ತಲೆಯ ಮೇಲಿನ ದೊಡ್ಡ ದೀಪದ ಹೊಳೆಯುವ ಅಂಚಿನಲ್ಲಿ ಎಲ್ಲ ಪುಟ್ಟದಾಗಿ ಕಾಣುತ್ತಿತ್ತು. ಕಿವಿಯ ಹಿಂದೆ ಇದ್ದ ಅವನದೇ ಚರ್ಮ, ಅವನದೇ ಕೂದಲು, ಇಕ್ಕಳದ ತುದಿಯಲ್ಲಿ ಮುಖದ ಮೇಲಿಂದ ಹಾದು ಬಂತು. ಕೂದಲಿಗಿಂತ ಸಣ್ಣ ದಾರ. ಡಾಕ್ಟರು ಒಂದೊಂದೇ ಹೊಲಿಗೆ ಹಾಕುತ್ತಿದ್ದರೆ ಇವನು ಹೆದರುವುದನ್ನೇ ಮರೆತ. ಇಪ್ಪತ್ತು ವರ್ಷ ಕಬ್ಬಿಣಕ್ಕೆ ಆಕಾರ ಕೊಟ್ಟವನು ಅವನು. ಮನುಷ್ಯನನ್ನೂ ಹೀಗೆ ತಿದ್ದಬಹುದೇ, ಇಂಥ ಬೆರಳೂ ಉಂಟೇ ಎಂದು ಮೈ ಜುಂ ಅಂದಿತು, ಕಣ್ಣಲ್ಲಿ ನೀರು ಬಂತು.

“ಐದು ದಿನ ಮಾತು ಬೇಡ” ಎಂದರು ಡಾಕ್ಟರು. “ತುಟಿ ಅಲ್ಲಾಡಿದ್ರೆ ಚರ್ಮ ಕೂರಲ್ಲ. ಒಂದು ಮಾತಾಡಿದ್ರೂ ಮೀಸೆ ಹೋಯ್ತು.”

ಸಂಜೆ ಆಟೋ ಇಳಿದಾಗ ವಠಾರದ ತುಂಬ ಜನ. ಮೂಗಿನ ಕೆಳಗಿನ ಬಿಳಿ ಪಟ್ಟಿಗೆ ಕೆಲವರು ಕೈಯನ್ನೇ ಮುಗಿದರು. “ಒಳಗೆ ಬೇರು ಬಿಡ್ತಾ ಐತಂತೆ” ಎಂದು ಒಬ್ಬರು ಪಿಸುಗುಟ್ಟಿದರು. ರಾಮಾಂಜಿನಪ್ಪ ರಾಜನ ಗತ್ತಿನಲ್ಲೇ ಕುರ್ಚಿಯ ಮೇಲೆ ಕೂತ.

ಭದ್ರಮ್ಮ ದೃಷ್ಟಿ ತೆಗೆದು ಹೇಳಿದಳು: “ನನ್ ಅರಕೆ ಕೈ ಬಿಡ್ಲಿಲ್ಲ ಕಣ್ರವ್ವಾ. ಕಣ್ಣು ವಾಸಿಯಾದ್ರೆ ಬೆಳ್ಳಿ ಕಣ್ಣು ಕೊಡ್ತೀವಿ, ಕಾಲು ವಾಸಿಯಾದ್ರೆ ಬೆಳ್ಳಿ ಕಾಲು. ಬೆಳ್ಳಿ ಮೀಸೆ ಯಾರ್ ಮಾಡ್ಕೊಡ್ತಾರೆ? ಅದ್ಕೇ, ಮೊದ್ಲು ಬರೋ ಮೀಸೇನೇ ನಿಂಗೆ ತೆಗೆಸ್ತೀನಿ ತಿಮ್ಮಪ್ಪಾ ಅಂತ ಕಟ್ಕಂಡಿವ್ನಿ.”

ರಾಮಾಂಜಿನಪ್ಪನ ಬಾಯಿ ತೆರೆಯಲು ಹೋಯಿತು. “ರೀ, ಐದು ದಿನ!” ಎಂದು ಸೀತಾ ಚೀರಿದಳು. ಮುಚ್ಚಿದ.

“ಅಯ್ಯೋ, ಮೊದಲ ಮೀಸೆ ಘಾಟಿ ಸುಬ್ರಹ್ಮಣ್ಯಂಗೆ ಅಂತ ನಾನು ಹರಸ್ಕೊಂಡಿದೀನಲ್ರೀ!” ಎಂದರು ನಾಗಲಕ್ಷ್ಮಮ್ಮ.

“ಮಾದಪ್ಪಂಗೆ ಮೂರು ವರ್ಸದ್ದು ನಾನು ಒಪ್ಕಂಡ್ ಬಂದಿವ್ನಿ” ಎಂದ ಆವಲಪ್ಪ. “ದೇವ್ರುಗಳ್ ಮಧ್ಯೆ ಜಗಳ ಬ್ಯಾಡ. ಈ ಸಲ ತಿಮ್ಮಪ್ಪ, ಬರೋ ವರ್ಸ ಘಾಟಿ, ಆಮೇಲ್ ಮೂರು ಮಾದಪ್ಪ. ಪ್ರತಿ ಸಲಾನೂ ಯುಗಾದಿಗೆ ಒಂದ್ ವಾರ ಮುಂಚೇನೇ ಬೋಳಿಸಿ ಮುಗಿಸ್ಬುಡಾನ, ವರ್ಸ ದಾಟ್ಬಾರ್ದು.”

ಐದು ಯುಗಾದಿ! ರಾಮಾಂಜಿನಪ್ಪ ಎದ್ದು ನಿಂತ. ಪಟ್ಟಿಯ ಕಡೆ ಬೆರಳು ತೋರಿಸಿದ, ಇದು ನನ್ನದು ಎಂದು ಎದೆ ಮುಟ್ಟಿಕೊಂಡ, ದಮ್ಮಯ್ಯ ಬಿಟ್ಟುಬಿಡಿ ಎಂದು ಎರಡೂ ಕೈ ಎತ್ತಿ ಮುಗಿದ.

ಭದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೋಡ್ರಪ್ಪಾ, ಮೀಸೆ ತೋರ್ಸಿ, ಎದೆ ಮುಟ್ಟಿ, ದೇವ್ರಿಗೆ ಕೈ ಮುಗ್ದು ಒಪ್ಕಂಡ ನನ್ ಮಗ!”

ಆವಲಪ್ಪ ಮುಂದೆ ಬಂದ. “ದೇವ್ರಂಥ ಮನ್ಸ ಕಣ್ಲಾ ನೀನು” ಎಂದು ಅವನ ಭುಜ ಹಿಡಿದುಕೊಂಡ. “ಈ ಯುಗಾದಿಗೆ ರಾಜಮಾತೆಗೆ ನಾನೇ ಹೊಸಾ ಸೀರೆ ತತ್ತೀನಿ.”